ನನ್ನದು ಕೆಂಪು, ಕಾಕಾನದು ಹಸಿರು: ಲಿವರ್ ಕ್ಯಾನ್ಸರ್ ಪ್ಯಾಕೇಜ್ ನಂಬಿ ಕೆಟ್ಟ ಕಥೆ

ಮೊನ್ನೆ ನಮ್ಮ ಝೆರಾಕ್ಸ್ ಅಂಗಡಿಗೆ ಒಬ್ಬ ಹುಡುಗ ಪೆನ್‌ಡ್ರೈವ್ ಹಿಡಿದು ಬಂದ. 500 ಪಾಂಪ್ಲೆಟ್ ಬೇಕಿತ್ತಂತೆ. ಫೈಲ್ ತೆರೆದರೆ ಅದೇ ಪ್ಯಾಕೇಜ್. ಲಿವರ್ ಕ್ಯಾನ್ಸರ್ ಮೊದಲೇ ಪತ್ತೆ, ಬರೀ ರಕ್ತ ಕೊಟ್ಟರೆ ಸಾಕು ಅಂತ ದಪ್ಪ ಅಕ್ಷರದಲ್ಲಿತ್ತು. ನಾನು ಮಾಡಿಕೊಡಲ್ಲ ಅಂತ ಕಳಿಸಿಬಿಟ್ಟೆ. ಬಾಜು ಅಂಗಡಿಯವರು ಮಾಡಿಕೊಟ್ಟೇ ಇರ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಲಬುರಗಿಯವರು, ಅದರಲ್ಲೂ ಮನೆಯಲ್ಲಿ ಹೆಪಟೈಟಿಸ್ ಬಿ (ಲಿವರ್‌ಗೆ ತಗಲಿ ಮುಂದೆ ಕ್ಯಾನ್ಸರ್ ತರಬಹುದಾದ ವೈರಸ್ ಸೋಂಕು) ಇರುವವರು, ದಯವಿಟ್ಟು ಪೂರ್ತಿ ಓದಿ.

ಎರಡು ವರ್ಷದ ಹಿಂದಿನ ಮಾತು. ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಒಂದು ಖಾಸಗಿ ಲ್ಯಾಬಿನವರು ಕ್ಯಾಂಪ್ ಹಾಕಿದ್ದರು. 2,400 ರೂಪಾಯಿ ಪ್ಯಾಕೇಜ್, ಅವತ್ತು ಮಾತ್ರ 1,500. ಚಿತ್ತಾಪುರ ಕಡೆಯ ನಮ್ಮ ಹಳ್ಳಿಯಿಂದ ಕಾಕಾ ತೊಗರಿ ಮಾರಲು ಬಂದಿದ್ದ. ಅವನಿಗೆ ಹೆಪಟೈಟಿಸ್ ಬಿ ಇರೋದು ನಮಗೆಲ್ಲ ಗೊತ್ತಿತ್ತು. ಬಹಳ ವರ್ಷದ ಹಿಂದೆ ಯಾರದೋ ಆಪರೇಷನ್ನಿಗೆ ರಕ್ತ ಕೊಡಲು ಹೋದಾಗ ಬ್ಲಡ್ ಬ್ಯಾಂಕಿನವರೇ ಹೇಳಿದ್ದರು. ಆರು ತಿಂಗಳಿಗೊಮ್ಮೆ ಹೊಟ್ಟೆ ಸ್ಕ್ಯಾನ್ ಮಾಡಿಸಿ ಅಂತ ಡಾಕ್ಟರೂ ಹೇಳಿದ್ದರು. ಎರಡು ಸಲ ಮಾಡಿಸಿದ. ಆಮೇಲೆ ಬಿತ್ತನೆ, ಕಳೆ, ಮಗಳ ಮದುವೆ ಅಂತ ತಪ್ಪುತ್ತಾ ಬಂತು. ಸ್ಕ್ಯಾನ್‌ಗೆ ಖಾಲಿ ಹೊಟ್ಟೆಯಲ್ಲಿ ಬಂದು ಪಾಳಿ ಹಚ್ಚಬೇಕು. ರಕ್ತ ಕೊಡೋದು ಐದು ನಿಮಿಷದ ಕೆಲಸ.

"ಇದ್ರಾಗೇ ತಿಳೀತದ ಅಂದ್ರ ಛಲೋನೇ ಆಯ್ತಲ್ಲ" ಅಂದ ಕಾಕಾ. ನನಗೂ ಹಾಗೇ ಅನ್ನಿಸಿತು. ಇಬ್ಬರೂ ಕೈ ಚಾಚಿದೆವು.

ಮರುದಿನ ವಾಟ್ಸಾಪಿಗೆ ರಿಪೋರ್ಟ್ ಬಂತು. ಗಾಡಿ ಮೀಟರ್ ಥರ ಒಂದು ಚಿತ್ರ, ಹಸಿರು, ಹಳದಿ, ಕೆಂಪು. ನನ್ನ ಮುಳ್ಳು ಕೆಂಪಿನ ತುದಿಗೆ ಹೋಗಿ ನಿಂತಿತ್ತು. ಕಾಕಾನದು ಹಸಿರು.

ಆ ರಾತ್ರಿ ನಾನು ಮಲಗಲಿಲ್ಲ. "ನೀ ಚಿಂತಿ ಮಾಡಬ್ಯಾಡ, ಏನೂ ಆಗಂಗಿಲ್ಲ" ಅಂತ ನನಗೆ ಧೈರ್ಯ ಹೇಳಿದವನು ಕಾಕಾನೇ. ಸಾಲ ಮಾಡಿ ಸಿ.ಟಿ. ಸ್ಕ್ಯಾನ್ ಮಾಡಿಸಿದೆ. ಲಿವರ್ ಚೆನ್ನಾಗಿತ್ತು. ನನಗಿದ್ದದ್ದು ದವಡೆ ಹಲ್ಲಿನ ಬುಡದಲ್ಲಿ ಕೀವು. ಹಲ್ಲು ಕೀಳಿಸಿ ಮೂರು ವಾರ ಬಿಟ್ಟು ನೋಡಿದರೆ 41 ಇದ್ದ ಸಿ.ಆರ್.ಪಿ. (ಮೈಯಲ್ಲಿ ಉರಿಯೂತ ಇದ್ದರೆ ರಕ್ತದಲ್ಲಿ ಏರುವ ಅಂಶ) 3ಕ್ಕೆ ಇಳಿದಿತ್ತು. ಆಗಲೇ ಈ ಪ್ಯಾಕೇಜಿನ ಮೇಲೆ ಅನುಮಾನ ಬರಬೇಕಿತ್ತು, ಅಲ್ವಾ? ಬರಲಿಲ್ಲ. ಕಂಟಕ ತಪ್ಪಿತು ಅನ್ನೋ ಖುಷಿಯಲ್ಲಿದ್ದೆ.

ಅದಕ್ಕೂ ಮುಂಚೆ ಇನ್ನೊಂದು ಕೆಲಸ ಮಾಡಿಬಿಟ್ಟಿದ್ದೆ. ಕಾಕಾನ ರಿಪೋರ್ಟನ್ನು ಕಲರ್ ಪ್ರಿಂಟ್ ತೆಗೆದು, ಲ್ಯಾಮಿನೇಷನ್ ಮಾಡಿ, ಬಿಸಿ ಆರುವ ಮೊದಲೇ ನಾಲ್ಕೂ ಮೂಲೆ ದುಂಡಗೆ ಕತ್ತರಿಸಿ ಅವನ ಕೈಗೆ ಕೊಟ್ಟೆ. ಅವನು ಅದನ್ನು ಹೊಲದ ಪಹಣಿ ಜೊತೆ ಟ್ರಂಕಿನಲ್ಲಿ ಇಟ್ಟುಕೊಂಡ. ಚಿಗವ್ವ ಸ್ಕ್ಯಾನ್ ಸುದ್ದಿ ಎತ್ತಿದಾಗಲೆಲ್ಲ ಅದನ್ನೇ ತೆಗೆದು ತೋರಿಸುತ್ತಿದ್ದನಂತೆ.

ಒಂದೂವರೆ ವರ್ಷ ಕಳೆಯಿತು. ಕಾಕಾನಿಗೆ ರೊಟ್ಟಿ ಸೇರದಾಯಿತು. ನಾಲ್ಕು ರೊಟ್ಟಿ ಉಣ್ಣುವವನು ಒಂದಕ್ಕೇ ಕೈ ತೊಳೆಯುತ್ತಿದ್ದ. ಬಲಗಡೆ ಪಕ್ಕೆಯ ಕೆಳಗೆ ಏನೋ ಭಾರ ಅಂದ. ಇಲ್ಲೇ ಸ್ಕ್ಯಾನ್ ಮಾಡಿಸಿದರೆ ಲಿವರ್‌ನಲ್ಲಿ 6.8 ಸೆಂಟಿಮೀಟರ್ ಗಡ್ಡೆ. ಎ.ಎಫ್.ಪಿ. ಅನ್ನೋ ರಕ್ತ ಪರೀಕ್ಷೆ 640 ತೋರಿಸಿತು. ಅದು 20 ದಾಟಿದರೇ ಡಾಕ್ಟರು ಹುಷಾರಾಗುತ್ತಾರೆ.

ಹೈದರಾಬಾದಿನ ಡಾಕ್ಟರ ಮುಂದೆ ಕಾಕಾ ಆ ಲ್ಯಾಮಿನೇಷನ್ ಹಾಳೆ ಇಟ್ಟ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಲ್ಲಿ ಲಿವರ್‌ದು ಏನಿದೆ?" ಅಂತ ಕೇಳಿದರು. ನಿಜವಾಗಿಯೂ ಏನೂ ಇರಲಿಲ್ಲ. ಸ್ಕ್ಯಾನ್ ಇರಲಿಲ್ಲ, ಎ.ಎಫ್.ಪಿ. ಕೂಡ ಇರಲಿಲ್ಲ. ಇದ್ದದ್ದು ಸಿ.ಆರ್.ಪಿ., ಇ.ಎಸ್.ಆರ್., ಮತ್ತೆ ಎನ್.ಎಲ್.ಆರ್. ಅಂತ ಒಂದು ಲೆಕ್ಕ. ಎನ್.ಎಲ್.ಆರ್. ಅಂದರೆ ಬಿಳಿ ರಕ್ತಕಣದಲ್ಲಿ ನ್ಯೂಟ್ರೋಫಿಲ್ ಎಷ್ಟಿದೆಯೋ ಅದನ್ನು ಲಿಂಫೋಸೈಟ್‌ನಿಂದ ಭಾಗಿಸೋದು, ಅಷ್ಟೇ. ರಕ್ತಕಣ ಎಣಿಸುವ ಮಾಮೂಲಿ ಸಿ.ಬಿ.ಸಿ. ರಿಪೋರ್ಟ್ ಇದ್ದರೆ ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲೇ ಆಗುತ್ತದೆ. ನನ್ನದು 80 ಮತ್ತು 12 ಇತ್ತು, ಹೆಚ್ಚುಕಡಿಮೆ 6.7. ಕಾಕಾನದು 56 ಮತ್ತು 35, ಅಂದರೆ 1.6.

ಇವೆಲ್ಲ ಮೈಯಲ್ಲಿ ಎಲ್ಲೋ ಉರಿಯೂತ ಇದೆ ಅಂತ ಹೇಳುತ್ತವೆ, ಎಲ್ಲಿ ಅಂತ ಹೇಳೋದಿಲ್ಲ. ಹಲ್ಲಿನ ಕೀವು, ನ್ಯುಮೋನಿಯಾ, ಕೀಲುವಾತ, ಯಾವುದಕ್ಕೂ ಏರುತ್ತವೆ. ಲಿವರ್‌ನಲ್ಲಿ ಸಣ್ಣ ಗಡ್ಡೆ ಇದ್ದಾಗ ಏರದೆ ಸುಮ್ನೆ ಇರಲೂಬಹುದು. ಇನ್ನೊಂದು ಮಾತು ಕೇಳಿ ನಾನು ದಂಗಾದೆ. ಸಿ.ಆರ್.ಪಿ. ತಯಾರಾಗೋದೇ ಲಿವರ್‌ನಲ್ಲಿ. ಲಿವರ್ ತುಂಬಾ ಹಾಳಾದವರಲ್ಲಿ ಅದು ಏರಬೇಕಾದಷ್ಟು ಏರೋದೂ ಇಲ್ಲವಂತೆ.

ಹಾಗಂತ ಎನ್.ಎಲ್.ಆರ್. ಅನ್ನೋದೇ ಸುಳ್ಳಲ್ಲ. ಲಿವರ್ ಕ್ಯಾನ್ಸರ್ ಇದೆ ಅಂತ ಖಚಿತವಾದವರಲ್ಲಿ ಅದು ಜಾಸ್ತಿ ಇದ್ದರೆ ಮುಂದೆ ಕಷ್ಟ ಹೆಚ್ಚು ಅಂತ ಅಧ್ಯಯನಗಳಲ್ಲಿ ಕಂಡಿದೆ. ಬೇರೆ ಪರೀಕ್ಷೆಗಳ ಜೊತೆ ಸೇರಿಸಿದರೆ ಬೇಗ ಪತ್ತೆ ಮಾಡಲು ಸಹಾಯ ಆಗುತ್ತಾ ಅಂತಲೂ ನೋಡುತ್ತಿದ್ದಾರೆ. ಪ್ಯಾಕೇಜಿನವರು ಆ 'ಜೊತೆ'ಯನ್ನು ನುಂಗಿಬಿಟ್ಟರು. ಅದಕ್ಕೇ ನನಗೆ ಸಿಟ್ಟು.

ಎ.ಎಫ್.ಪಿ. ಒಂದನ್ನೇ ನಂಬಿಯೂ ಕೂರುವ ಹಾಗಿಲ್ಲ. ಗಡ್ಡೆ ಸಣ್ಣದಿದ್ದಾಗ ಎಷ್ಟೋ ಜನರಲ್ಲಿ ಅದು ನಾರ್ಮಲ್ ಇರುತ್ತದೆ. ಸಿರೋಸಿಸ್ (ಲಿವರ್ ಹಾಳಾಗಿ ಗಟ್ಟಿಯಾಗುವ ರೋಗ) ಇರುವವರಿಗೆ, ಹೆಪಟೈಟಿಸ್ ಬಿ ಇರುವವರಲ್ಲಿ 40 ದಾಟಿದ ಗಂಡಸರಿಗೆ, 50 ದಾಟಿದ ಹೆಂಗಸರಿಗೆ, ಮನೆತನದಲ್ಲಿ ಲಿವರ್ ಕ್ಯಾನ್ಸರ್ ಬಂದಿರುವವರಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್, ಸಾಧ್ಯವಾದರೆ ಜೊತೆಗೆ ಎ.ಎಫ್.ಪಿ. ಮಾಡಿಸಬೇಕು. ಸ್ಕ್ಯಾನ್ ಕೂಡ ಕೆಲವೊಮ್ಮೆ ಸಣ್ಣ ಗಡ್ಡೆ ಬಿಟ್ಟುಬಿಡುತ್ತದೆ. ಮತ್ತೆ ಮತ್ತೆ ಮಾಡಿಸೋದು ಅದಕ್ಕೇ. 2-3 ಸೆಂಟಿಮೀಟರ್ ಇದ್ದಾಗ ಸಿಕ್ಕರೆ ಸೂಜಿ ಹಾಕಿ ಸುಡುತ್ತಾರೆ, ಇಲ್ಲವೇ ಕತ್ತರಿಸಿ ತೆಗೆಯುತ್ತಾರೆ.

ಕಾಕಾನಿಗೆ ಆ ಎರಡೂ ಆಗುವುದಿಲ್ಲ ಅಂದರು. ಈಗ ರಕ್ತನಾಳದ ಮೂಲಕ ಗಡ್ಡೆಗೇ ಔಷಧಿ ಬಿಟ್ಟು, ಅದಕ್ಕೆ ಹೋಗುವ ರಕ್ತ ತಡೆಯುವ ಚಿಕಿತ್ಸೆ ನಡೆದಿದೆ. ಎರಡು ಸಲ ಆಯಿತು.

ಇದಾದ ಮೇಲೆ ಮನೆಯವರೆಲ್ಲ ಸರ್ಕಾರಿ ಆಸ್ಪತ್ರೆಗೆ ಹೋಗಿ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿದೆವು. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಎರಡೂ ಪುಕ್ಕಟೆ. ಕಾಕಾನ ಮಕ್ಕಳಿಗೆ ಇಲ್ಲ, ಲಸಿಕೆ ಹಾಕಿಸಿದೆವು. ನಮ್ಮ ಅಪ್ಪನಿಗೆ ಇದೆ. ಅಪ್ಪನ ಮೊದಲ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಮುಂದಿನ ತಾರೀಖನ್ನು ಅಂಗಡಿಯ ಕ್ಯಾಲೆಂಡರ್‌ನಲ್ಲಿ ಮಾರ್ಕರ್‌ನಿಂದ ಸುತ್ತು ಹಾಕಿ ಗುರುತು ಮಾಡಿದ್ದೇನೆ.

ಹೋದ ವಾರ ಹಳ್ಳಿಗೆ ಹೋಗಿದ್ದೆ. ಕಾಕಾ ಕಟ್ಟೆಯ ಮೇಲೆ ಹೊದ್ದುಕೊಂಡು ಕೂತಿದ್ದ. ಅವನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ಅವನೇ ಮಾತು ತೆಗೆದ.

"ಅವತ್ತ ನಿಂದು ಕೆಂಪ ಬಂದಿತ್ತಲ್ಲೋ. ಹಲ್ಲು ಹ್ಯಾಂಗದ ಈಗ?"