ಜಪಾನಿನ ಯುದ್ಧ ಮರದಚ್ಚು ಚಿತ್ರ: 1894ರದ್ದೋ, 1904ರದ್ದೋ?

ಮೊದಲ ಬಾರಿ ಜಪಾನಿನ ಯುದ್ಧದ ಮರದಚ್ಚು ಚಿತ್ರ (ಮರದ ಹಲಗೆಯಲ್ಲಿ ಕೆತ್ತಿ ಕಾಗದದ ಮೇಲೆ ಒತ್ತಿದ್ದು) ಒಂದೇ ಒಂದು ಕೊಳ್ಳುವುದಾದರೆ ನಾನು ಚೀನಾ-ಜಪಾನ್ ಯುದ್ಧದ (1894–95) ಚಿತ್ರವನ್ನೇ ಆರಿಸುತ್ತೇನೆ. ಆಗ ಮರದಚ್ಚಿಗೆ ಬೇಡಿಕೆ ಜಾಸ್ತಿ ಇತ್ತು. ಹೆಚ್ಚಿನ ಕಲಾವಿದರು ರಣರಂಗಕ್ಕೆ ಹೋಗದೆ, ಪತ್ರಿಕೆಯ ಸುದ್ದಿ ಓದಿ ಕಲ್ಪಿಸಿ ಚಿತ್ರ ಬರೆದರು. ಕಲಾವಿದ ಕೊಬಯಾಶಿ ಕಿಯೋಚಿಕ ಚಿತ್ರಿಸಿದ ರಾತ್ರಿ, ಹಿಮ, ಮದ್ದುಗುಂಡಿನ ಬೆಳಕು ನೋಡಿ. ಮೂರು ಹಾಳೆ ಜೋಡಿಸಿದ ಅಗಲದಲ್ಲಿ ಕತ್ತಲೆಯೇ ತುಂಬಿಕೊಂಡು, ಒಂದು ಮೂಲೆಯಲ್ಲಿ ಬೆಂಕಿ ಹೊಳೆಯುತ್ತದೆ. ಅದ್ಭುತ ಕೆಲಸ.

ಆದರೆ ಇವು ಪ್ರಚಾರದ ಚಿತ್ರಗಳು. ಚೀನೀ ಸೈನಿಕರನ್ನು ಹೇಡಿಗಳಂತೆ, ವಿಕಾರವಾಗಿ ತೋರಿಸಿದವು ಬಹಳ ಇವೆ. ಅಂಥದ್ದನ್ನು ಮನೆಯ ಗೋಡೆಗೆ ಹಾಕಲು ನನಗಂತೂ ಮನಸ್ಸಾಗದು. ಹಿಮದ ನೋಟ, ಹಡಗಿನ ದೃಶ್ಯ ಆರಿಸಿಕೊಳ್ಳಬಹುದು.

ರಷ್ಯಾ-ಜಪಾನ್ ಯುದ್ಧದ (1904–05) ಹೊತ್ತಿಗೆ ಫೋಟೊ, ಲಿಥೋಗ್ರಾಫ್ (ಕಲ್ಲಚ್ಚು), ಪೋಸ್ಟ್‌ಕಾರ್ಡ್ ಮುಂದೆ ಬಂದಿದ್ದವು. ಮರದಚ್ಚು ಕಡಿಮೆಯಾಯಿತು. ಸಮುದ್ರಯುದ್ಧ, ಪೋರ್ಟ್ ಆರ್ಥರ್ (ಆಗ ರಷ್ಯಾದ ವಶದಲ್ಲಿದ್ದ ಚೀನಾದ ಬಂದರು), ಟಾರ್ಪಿಡೊ ದೋಣಿಗಳಲ್ಲಿ ಆಸಕ್ತಿ ಇದ್ದರೆ ಇವನ್ನು ಹುಡುಕಿ. ಶತ್ರುವಿನ ಚಿತ್ರಣ ಇಲ್ಲಿ ಸಾಮಾನ್ಯವಾಗಿ ಅಷ್ಟು ಕೀಳಾಗಿಲ್ಲ, ಅದು ನಿಜವಾದ ಅನುಕೂಲ.

ಯಾವ ಯುದ್ಧದ್ದಾದರೂ ಸರಿ, ಮೂರು ಹಾಳೆಯ ಚಿತ್ರವಾದರೆ ಮೂರೂ ಒಂದೇ ಮುದ್ರಣದವೇ ಎಂದು ಮೊದಲು ನೋಡಿ. ಬಣ್ಣ ಒಂದೊಂದರಲ್ಲಿ ಒಂದೊಂದು ರೀತಿ ಮಾಸಿದ್ದರೆ ಬೇರೆ ಬೇರೆ ಕಡೆಯಿಂದ ಜೋಡಿಸಿರಬಹುದು. ಅಂಚು ಕತ್ತರಿಸಿದ್ದರೆ ಬೆಲೆ ಇಳಿಯಬೇಕು. ಚೌಕಟ್ಟು ಹಾಕಿದ ಮೇಲೆ ಬಿಸಿಲಿಗೆ ಇಡಬೇಡಿ, ಆ ಕಾಲದ ನೇರಳೆ ಬಣ್ಣ ಬೇಗ ಮಾಸುತ್ತದೆ.