ಯೀರೋ ಅಂಗಡಿಯ ಒಂಬತ್ತು ವರ್ಷ: ಹನ್ನೆರಡೂವರೆಗೆ ಹೋಗಿ, ಮೂರೂವರೆಗೆ ಬೇಡ

2016ರ ಅಕ್ಟೋಬರಿನಲ್ಲಿ ಮೊದಲ ಸಲ ಆ ಗ್ರೀಕ್ ಅಂಗಡಿಯ ಕೌಂಟರ್ ಮುಂದೆ ನಿಂತು, ತಿರುಗುವ ಸಲಾಕೆಯಿಂದ ಹೆರೆದ ಮಾಂಸವನ್ನು ಪಿಟಾ ರೊಟ್ಟಿಯಲ್ಲಿ ಹಾಕಿ ಕೊಡುವ gyro ಬೇಕೆಂದು ‘ಒನ್ ಜೈರೋ’ ಎಂದೆ. ಯಜಮಾನರು ಕೈಯಲ್ಲಿದ್ದ ಉದ್ದ ಚಾಕು ಕೆಳಗಿಟ್ಟರು. ಮೇಷ್ಟ್ರು ಮಗ್ಗಿ ಹೇಳಿಸುವ ಹಾಗೆ ‘ಯೀ-ರೋ’ ಎಂದು ನನ್ನ ಬಾಯಲ್ಲಿ ಎರಡು ಸಲ ಹೇಳಿಸಿದರು. ಹಿಂದೆ ನಿಂತಿದ್ದವರು ನಕ್ಕರು. ನನಗೆ ಸ್ವಲ್ಪ ಸಿಟ್ಟು ಬಂತು. ಆಮೇಲೆ ತಿಂದೆ, ಸಿಟ್ಟು ಇಳಿಯಿತು. ಅವತ್ತಿನಿಂದ ಇವತ್ತಿನವರೆಗೆ, ಊರಿಗೆ ಹೋದಾಗ ಮತ್ತು ನಡುವೆ ಸಿಟ್ಟಿನಲ್ಲಿ ದೂರ ಉಳಿದ ನಾಲ್ಕು ತಿಂಗಳು ಬಿಟ್ಟರೆ, ತಿಂಗಳಿಗೆ ಎರಡು ಮೂರು ಸಲವಾದರೂ ಅಲ್ಲಿಗೆ ಹೋಗುತ್ತಿದ್ದೇನೆ. ಹಾಗಾಗಿ ಒಂದು ಸಲ ತಿಂದು ಐದು ನಕ್ಷತ್ರ ಒತ್ತುವವರಿಗಿಂತ ನನ್ನ ಮಾತಿಗೆ ಸ್ವಲ್ಪ ತೂಕ ಜಾಸ್ತಿ ಇರಬೇಕು.

ಅಂಗಡಿ ಇರುವುದು ಚಿಕಾಗೋದ ಪಶ್ಚಿಮದ ಸಬರ್ಬಿನಲ್ಲಿ, ಓಗ್ಡನ್ ಅವೆನ್ಯೂ ಮೇಲೆ, ಟೈರ್ ಅಂಗಡಿ ಮತ್ತು ಲಾಂಡ್ರಿ ನಡುವೆ. ಹೆಸರು ಹಾಕುತ್ತಿಲ್ಲ. ಒಂದೆರಡು ದೂರು ಹೇಳುವುದಿದೆ, ಮನೆಮಂದಿಯೇ ಸೇರಿ ನಡೆಸುವ ಅಂಗಡಿ, ಪಾಪ. ಈ ಕಡೆ ಇರುವ ನಮ್ಮವರಿಗೆ ಇಷ್ಟು ಸುಳಿವು ಸಾಕು. ಹನ್ನೊಂದು ಟೇಬಲ್. ಗೋಡೆಯ ಮೇಲೆ ಗ್ರೀಸಿನ ದಕ್ಷಿಣ ಭಾಗವಾದ ಪೆಲೊಪೊನೀಸ್‌ನ ದೊಡ್ಡ ನಕ್ಷೆ, ಅದರಲ್ಲಿ ಟ್ರಿಪೊಲಿ ಎಂಬ ಊರಿನ ಸುತ್ತ ಪೆನ್ನಿನಲ್ಲಿ ಒಂದು ಸುತ್ತು. ಅದು ಇವರ ಊರು. ಗಂಡ ಸಲಾಕೆಯ ಮೇಲೆ ತಿರುಗುವ ಮಾಂಸದ ಕೋನ್ ಹತ್ತಿರ, ಹೆಂಡತಿ ಗಲ್ಲಾದಲ್ಲಿ, ಮಗ ಕಾವಲಿ ಮುಂದೆ. ಕಾಲೇಜಿಗೆ ಹೋಗುವ ಮಗಳು ಶನಿವಾರ ಮಾತ್ರ. ಅಡುಗೆಮನೆಯ ಒಳಗೆ ಯಜಮಾನರ ತಾಯಿ. ಅವರನ್ನು ಎಲ್ಲರೂ ‘ಯಾಯಾ’ ಅನ್ನುತ್ತಾರೆ, ಅಂದರೆ ಅಜ್ಜಿ. ಅಜ್ಜಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮವರಿಗೆ ಮುಖ್ಯವಾದ ಮಾತು ಮೊದಲು. ಇಲ್ಲಿಯ ಯೀರೋ ಮಾಂಸ ಬರೀ ಕುರಿಯದಲ್ಲ. ದನದ ಮಾಂಸ ಮತ್ತು ಕುರಿಮಾಂಸ ಎರಡನ್ನೂ ನುಣ್ಣಗೆ ಕೊಚ್ಚಿ, ಬ್ರೆಡ್ ಪುಡಿ, ಮಸಾಲೆ ಸೇರಿಸಿ, ಒತ್ತಿ ಮಾಡಿದ ಕೋನ್. ಬೋರ್ಡಿನ ಮೇಲೆ ಕುರಿಯ ಚಿತ್ರ ನೋಡಿ ಮೋಸ ಹೋಗಬೇಡಿ. ನನಗೆ ಇದು ಗೊತ್ತಾಗಿದ್ದು ಮೂರು ತಿಂಗಳಾದ ಮೇಲೆ. ಗೊತ್ತಾದ ಮೇಲೆ ಏನು ಮಾಡಿದೆ ಎಂಬುದು ನನ್ನ ವಿಷಯ, ಈ ಬರಹವನ್ನು ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಮಾತ್ರ ಯಾರೂ ಕಳಿಸಬೇಡಿ. ಬೇಡ ಎನ್ನುವವರಿಗೆ ಚಿಕನ್ ಯೀರೋ ಇದೆ. ಅದರ ಸಲಾಕೆಯೇ ಬೇರೆ, ಚಾಕು ಕೂಡ ಬೇರೆ. ಅದು ಕೊಚ್ಚಿದ್ದಲ್ಲ, ತೊಡೆಯ ಭಾಗದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿದ್ದು. ನನ್ನ ಹೆಂಡತಿ ಒಂಬತ್ತು ವರ್ಷದಿಂದ ಅದನ್ನೇ ತಿನ್ನುತ್ತಿದ್ದಾಳೆ, ಬೇಜಾರಾಯಿತು ಎಂದು ಒಂದು ಸಲವೂ ಹೇಳಿಲ್ಲ.

ಗ್ರೀಸ್‌ಗೆ ಹೋಗಿಬಂದವರು ಈ ಅಂಗಡಿಯ ಬಗ್ಗೆ ಆನ್‌ಲೈನ್‌ನಲ್ಲಿ ಹಾಕುವ ದೊಡ್ಡ ದೂರು ಇದೇ: ‘ಇದು ಅಸಲಿ ಯೀರೋ ಅಲ್ಲ, ಫ್ಯಾಕ್ಟರಿ ಮಾಂಸ.’ ಮಾತು ಸುಳ್ಳಲ್ಲ. ಅಲ್ಲಿ ಸಾಮಾನ್ಯವಾಗಿ ಹಂದಿ ಅಥವಾ ಕೋಳಿ, ಅದೂ ಹೋಳು ಹೋಳಾಗಿ ಪೇರಿಸಿದ್ದು. ಕೊಚ್ಚಿ ಒತ್ತಿದ ಕೋನ್ ಅಮೆರಿಕದ್ದು, ಅದರಲ್ಲೂ ಚಿಕಾಗೋ ಅದರ ತವರು ಎಂದರೆ ತಪ್ಪಿಲ್ಲ. 1970ರ ದಶಕದಲ್ಲಿ ಇಲ್ಲಿಯ ಗ್ರೀಕರೇ ಕಾರ್ಖಾನೆ ಹಾಕಿ, ಕೋನ್ ಮಾಡಿ, ಫ್ರೀಜ್ ಮಾಡಿ ದೇಶಕ್ಕೆಲ್ಲ ಕಳಿಸಲು ಶುರು ಮಾಡಿದರು. ಕ್ರೋನೋಸ್ ಎಂಬ ಕಂಪನಿಯ ಹೆಸರನ್ನು ನೀವು ಯಾವುದಾದರೂ ಅಂಗಡಿಯ ಪೋಸ್ಟರಿನಲ್ಲಿ ನೋಡಿಯೇ ಇರುತ್ತೀರಿ, ಅದು 1975ರಲ್ಲಿ ಇಲ್ಲೇ ಹುಟ್ಟಿದ್ದು. ಅದರಿಂದಲೇ ಅಲ್ವಾ, ಹಾಟ್ ಡಾಗ್ ಮಾರುವ ಪುಟ್ಟ ಅಂಗಡಿಗಳಲ್ಲೂ ಯೀರೋ ಬಂದಿದ್ದು? ನಮ್ಮ ಅಂಗಡಿಯಲ್ಲೂ ಹಾಟ್ ಡಾಗ್ ಇದೆ, ಇಟಾಲಿಯನ್ ಬೀಫ್ ಇದೆ. ಚಿಕಾಗೋದ ಗ್ರೀಕ್ ಅಂಗಡಿ ಎಂದರೆ ಹಾಗೇ.

ನನ್ನ ಲೆಕ್ಕ ಬೇರೆ. ಕಾಫಿ ಚೆನ್ನಾಗಿಲ್ಲ ಎಂದರೆ ಹೋಟೆಲಿನವನು ಬೀಜ ತಾನೇ ಬೆಳೆದಿಲ್ಲ ಎಂದು ಬೈಯುತ್ತೇವಾ? ಡಿಕಾಕ್ಷನ್ ಹೇಗೆ ಇಳಿಸಿದ, ಹಾಲು ಯಾವಾಗ ಕಾಯಿಸಿದ ಎಂದು ನೋಡುತ್ತೇವೆ. ಇಲ್ಲೂ ಅಷ್ಟೇ. ಕೋನ್ ಎಲ್ಲಿಂದಲಾದರೂ ಬರಲಿ, ಹೆರೆಯುವ ಕೈ ಮತ್ತು ಹೊತ್ತು ಮುಖ್ಯ.

ಕೌಂಟರಿನ ಎಡಗಡೆಯ ಟೇಬಲ್ಲಿನಲ್ಲಿ ಕೂತರೆ ಕೋನ್ ಚೆನ್ನಾಗಿ ಕಾಣುತ್ತದೆ. ನಿಂತ ಸಲಾಕೆ ನಿಧಾನ ಸುತ್ತುತ್ತಿರುತ್ತದೆ, ಹಿಂದೆ ಕೆಂಪಗೆ ಕಾದ ಬರ್ನರ್. (ಯೀರೋ ಎಂದರೆ ಗ್ರೀಕಿನಲ್ಲಿ ಸುತ್ತು ಎಂದೇ ಅರ್ಥ. ತುರ್ಕಿಯ ದೋನರ್, ಅರಬರ ಶವರ್ಮಾ ಎರಡೂ ಪದಗಳ ಬುಡದಲ್ಲಿರುವುದು ಇದೇ ತಿರುಗುವ ಮಾತು. ಜಗಳವೆಲ್ಲ ಯಾರು ಮೊದಲು ತಿರುಗಿಸಿದರು ಎಂಬುದಕ್ಕೆ.) ಬೆಂಕಿಗೆ ಎದುರಾದ ಮುಖದಲ್ಲಿ ಕೊಬ್ಬು ಗುಳುಗುಳು ಎನ್ನುತ್ತಿರುತ್ತದೆ. ಬಣ್ಣ ಕಂದಿನಿಂದ ಗಾಢ ಕಂದಿಗೆ ತಿರುಗಿ, ಅಂಚು ಕರಿಕಾಗುವ ಹೊತ್ತಿಗೆ ಯಜಮಾನರ ಚಾಕು ಮೇಲಿನಿಂದ ಕೆಳಕ್ಕೆ ಜಾರುತ್ತದೆ. ತೆಳ್ಳನೆಯ ಉದ್ದ ಚಕ್ಕೆ. ಒಂದು ಬದಿ ಗರಿ, ಇನ್ನೊಂದು ಬದಿ ಮೆತ್ತಗೆ. ಆ ಗರಿ ಪದರ ಇರುವುದು ಎರಡು ಮೂರು ಮಿಲಿಮೀಟರ್ ಮಾತ್ರ. ಅದನ್ನು ಹೆರೆದ ಮೇಲೆ ಒಳಗಿನ ಮಾಂಸ ಮತ್ತೆ ಬೆಂಕಿ ಕಾಣಬೇಕು, ಕಾಯಬೇಕು.

ಹಾಗಾಗಿ ಹನ್ನೆರಡರಿಂದ ಹನ್ನೆರಡೂಮುಕ್ಕಾಲು ಒಳ್ಳೆಯ ಹೊತ್ತು. ಗಿರಾಕಿಗಳು ಬರುತ್ತಿರುತ್ತಾರೆ, ಆದರೆ ಮುಗಿಬಿದ್ದಿರುವುದಿಲ್ಲ. ಒಂದೂಕಾಲಿಗೆ ಆಫೀಸಿನವರು ಒಟ್ಟಿಗೇ ನುಗ್ಗುತ್ತಾರೆ. ಆಗ ಕರಿಕಾಗಲು ಬಿಡುವಷ್ಟು ಪುರುಸೊತ್ತು ಅವರಿಗಿಲ್ಲ, ನಿಮಗೆ ಸಿಗುವುದು ಬಿಳುಚಿಕೊಂಡ ಮಾಂಸ. ಮೂರೂವರೆಗೆ ಹೋದರೆ ಇನ್ನೂ ಕಷ್ಟ. ಬರ್ನರ್ ಸಣ್ಣ ಮಾಡಿರುತ್ತಾರೆ. ಆಗಲೇ ಹೆರೆದು ತಟ್ಟೆಯಲ್ಲಿಟ್ಟಿದ್ದನ್ನು ಮಗ ಕಾವಲಿ ಮೇಲೆ ಹಾಕಿ ಬಿಸಿ ಮಾಡಿ ಕೊಡುತ್ತಾನೆ. ಬಿಸಿಯೇನೋ ಇರುತ್ತದೆ, ಆದರೆ ಅಗಿದಷ್ಟೂ ಮುಗಿಯುವುದಿಲ್ಲ. ಒಂದು ನಕ್ಷತ್ರ ಕೊಟ್ಟವರ ಬರಹಗಳನ್ನು ಓದಿ ನೋಡಿ. ‘ಒಣಗಿತ್ತು’, ‘ರಬ್ಬರ್ ಥರ ಇತ್ತು’ ಎಂದವರಲ್ಲಿ ಎಷ್ಟು ಜನ ಮೂರು ನಾಲ್ಕು ಗಂಟೆಗೆ ಹೋಗಿದ್ದರೋ ಎಂದು ನನಗೆ ಅನುಮಾನ. ಸಂಜೆ ಆರೂವರೆಗೆ ಕೋನ್ ಮತ್ತೆ ಜೀವ ಹಿಡಿಯುತ್ತದೆ.

ಪಿಟಾ ಹೊಟ್ಟೆ ಬಿಚ್ಚುವ ಥರದ್ದಲ್ಲ, ದಪ್ಪ ಚಪಾತಿಯ ಹಾಗಿನದು. ಎಣ್ಣೆ ಸವರಿ ಕಾವಲಿ ಮೇಲೆ ಹಾಕುತ್ತಾರೆ. ಅದರ ಮೇಲೆ ಮಾಂಸ, ಟೊಮೆಟೊ, ಕೈ ತುಂಬ ಹಸಿ ಈರುಳ್ಳಿ, ತ್ಸಾತ್ಸೀಕಿ. ಈರುಳ್ಳಿ ಜಾಸ್ತಿ ಎಂದು ಗೊಣಗುವವರಿದ್ದಾರೆ, ಅವರು ಮೀಟಿಂಗ್ ಇದ್ದ ದಿನ ಹೋಗಿರಬೇಕು. ತ್ಸಾತ್ಸೀಕಿ ಅಜ್ಜಿಯದು: ನೀರು ಬಸಿದ ಗಟ್ಟಿ ಮೊಸರು, ತುರಿದು ಹಿಂಡಿದ ಸೌತೆಕಾಯಿ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಸಬ್ಬಸಿಗೆ ಸೊಪ್ಪು. ಅಮ್ಮ ಅದನ್ನು ನಾಲಗೆಗೆ ಇಟ್ಟುಕೊಂಡು ಕೊಟ್ಟ ತೀರ್ಪು: ‘ಸೌತೆಕಾಯಿ ಮೊಸರುಬಜ್ಜಿ. ಒಗ್ಗರಣೆ ಮರ್ತಿದ್ದಾರೆ.’

ಈಗ ದೂರು. ಮೊದಲು ಆಲೂಗಡ್ಡೆಯನ್ನು ಅಲ್ಲೇ ಸಿಪ್ಪೆ ಸಮೇತ ಹೆಚ್ಚಿ ಕರಿಯುತ್ತಿದ್ದರು. ಮಗ ಜವಾಬ್ದಾರಿ ತೆಗೆದುಕೊಂಡ ಮೇಲೆ ಫ್ರೋಜನ್ ಫ್ರೈಸ್ ಬಂತು. ಕೇಳಿದರೆ ‘ಕೆಲಸಕ್ಕೆ ಜನ ಸಿಗ್ತಿಲ್ಲ’ ಅನ್ನುತ್ತಾನೆ. ನಿಜ ಇರಬಹುದು, ಆದರೆ ನನಗೆ ಹಳೆಯದೇ ಬೇಕು. ಕರಿಯುವ ಎಣ್ಣೆ ಎಲ್ಲಕ್ಕೂ ಒಂದೇ, ಫ್ರೈಸ್ ಬಿದ್ದ ಬಾಣಲೆಗೇ ಮೀನೂ ಬೀಳುತ್ತದೆ. ಸಸ್ಯಾಹಾರಿಗಳು ಗಮನಿಸಿ.

ಇನ್ನೊಂದು ಇದಕ್ಕಿಂತ ದೊಡ್ಡದು. 2019ರಲ್ಲಿ ಮೈಸೂರಿನಿಂದ ಬಂದಿದ್ದ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿದ್ದೆವು. ಹುಟ್ಟಾ ಸಸ್ಯಾಹಾರಿ. ತರಕಾರಿ ಪಿಟಾ ಹೇಳಿದಳು, ನಾನೂ ಎರಡು ಸಲ ಒತ್ತಿ ಹೇಳಿದೆ. ಎರಡನೇ ತುತ್ತಿಗೆ ಬೆರಳುದ್ದದ ಮಾಂಸದ ಚಕ್ಕೆ ಹೊರಬಂತು. ಅವಳು ಏನೂ ಮಾತಾಡದೆ ಪ್ಲೇಟನ್ನು ಮುಂದಕ್ಕೆ ತಳ್ಳಿ ಬಾತ್‌ರೂಮಿಗೆ ಹೋದಳು. ಒಂದೇ ಚಿಮ್ಮಟದಲ್ಲಿ ಎಲ್ಲವನ್ನೂ ಎತ್ತಿ ಹಾಕಿದ್ದರ ಫಲ. ಯಜಮಾನರು ಬಂದು ಕ್ಷಮೆ ಕೇಳಿದರು, ಎಲ್ಲರ ಹಣವನ್ನೂ ವಾಪಸ್ ಕೊಟ್ಟರು. ಆದರೆ ಅವಳು ರಾತ್ರಿಯವರೆಗೂ ಏನೂ ಮುಟ್ಟಲಿಲ್ಲ. ಆಮೇಲೆ ನಾಲ್ಕು ತಿಂಗಳು ನಾನೂ ಆ ಕಡೆ ತಲೆ ಹಾಕಲಿಲ್ಲ. ಈಗ ಹಸಿರು ಹಿಡಿಯ ಚಿಮ್ಮಟ ಬೇರೆ ಇಟ್ಟಿದ್ದಾರೆ. ಇದ್ದರೂ ‘ಹಸಿರು ಚಿಮ್ಮಟ’ ಎಂದು ಬಾಯಿಬಿಟ್ಟು ಹೇಳಿ, ಸಂಕೋಚ ಬೇಡ. ಪಾಲಕ್ ತುಂಬಿದ ಸ್ಪನಕೋಪಿಟಾ ಇನ್ನೂ ವಾಸಿ. ತೀರಾ ಕಟ್ಟುನಿಟ್ಟಿನವರು ಮಾತ್ರ ಅದರೊಳಗಿನ ಫೆಟಾ ಚೀಸ್ ಬಗ್ಗೆ ವಿಚಾರಿಸಿಕೊಳ್ಳಿ, ಸಾಂಪ್ರದಾಯಿಕ ಫೆಟಾದಲ್ಲಿ ಹಾಲು ಒಡೆಸುವುದು ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ.

ಈ ಅಂಗಡಿಯಲ್ಲಿ ಬೆಂಕಿ ಹಚ್ಚಿದ ಚೀಸ್ ಇಲ್ಲ ಎಂದು ಆನ್‌ಲೈನ್‌ನಲ್ಲಿ ಬೇಸರಪಟ್ಟವರಿಗೆ ಒಂದು ಮಾತು. ಚೀಸಿಗೆ ಬೆಂಕಿ ಕೊಟ್ಟು ‘ಓಪಾ!’ ಎಂದು ಕೂಗುವ ಆಟ ಗ್ರೀಸಿನದಲ್ಲ, ನಮ್ಮ ಚಿಕಾಗೋದ್ದೇ. 1968ರಲ್ಲಿ ಹಾಲ್‌ಸ್ಟೆಡ್ ಸ್ಟ್ರೀಟಿನ ಪಾರ್ಥೆನಾನ್ ಹೋಟೆಲಿನಲ್ಲಿ ಶುರುವಾಯಿತು ಎನ್ನುತ್ತಾರೆ. ಆ ಹೋಟೆಲೂ 2016ರಲ್ಲಿ ಮುಚ್ಚಿತು. ಹನ್ನೊಂದು ಟೇಬಲ್ಲಿನ ಅಂಗಡಿಯಲ್ಲಿ ಬೆಂಕಿ ಹಚ್ಚಿದರೆ ಅಲಾರಂ ಹೊಡೆದುಕೊಳ್ಳುತ್ತದೆ, ಅಷ್ಟೇ.

ಬೆಲೆ: ನಾನು ಮೊದಲು ಹೋದಾಗ 6 ಡಾಲರ್ 95 ಸೆಂಟ್ ಇದ್ದ ಯೀರೋ ಈಗ ಹನ್ನೊಂದೂವರೆ ಡಾಲರ್. ಆ್ಯಪ್‌ನಲ್ಲಿ ತರಿಸಿದರೆ ಇನ್ನೂ ಜಾಸ್ತಿ, ಜೊತೆಗೆ ಮನೆಗೆ ಬರುವಷ್ಟರಲ್ಲಿ ಪಿಟಾ ಬೆವರಿ ಒದ್ದೆಯಾಗಿರುತ್ತದೆ. ತರಿಸಲೇಬೇಡಿ. 2020ರ ಮಾರ್ಚ್ 16ರ ರಾತ್ರಿ ಕೋವಿಡ್‌ನಿಂದಾಗಿ ನಮ್ಮ ಇಲಿನಾಯ್ ರಾಜ್ಯದಲ್ಲಿ ಹೋಟೆಲುಗಳಲ್ಲಿ ಕೂತು ತಿನ್ನುವುದು ನಿಂತಾಗ ಇವರು ಹಿಂದಿನ ಕಿಟಕಿಯಿಂದ ಕೊಡುತ್ತಿದ್ದರು. ಕಾರಿನಲ್ಲೇ ಕೂತು ತಿನ್ನುತ್ತಿದ್ದೆವು. ನನ್ನ ಕಾರಿನ ಸೀಟಿನ ಮೇಲಿನ ಕಲೆ ಆಗಿನದೇ.

ಇನ್ನು ಅಜ್ಜಿ.

2022ರ ಬೇಸಿಗೆಯಲ್ಲಿ ಅಮ್ಮ ಹಾಸನದಿಂದ ಆರು ತಿಂಗಳಿಗೆಂದು ಬಂದರು. ಅಮ್ಮ ಮಾಂಸ ತಿನ್ನುತ್ತಾರೆ, ಆದರೆ ಸೋಮವಾರ ಇಲ್ಲ, ಶ್ರಾವಣದಲ್ಲಿ ಇಡೀ ತಿಂಗಳು ಇಲ್ಲ. ಆಗಸ್ಟ್ ಮೊದಲ ವಾರ ನಾವು ಅಲ್ಲಿಗೆ ಹೊರಟಾಗ ‘ನಾನು ಸುಮ್ನೆ ಕೂತಿರ್ತೀನಿ, ನೀವು ತಿನ್ನಿ’ ಎಂದರು. ನನ್ನ ಹೆಂಡತಿ ಗಲ್ಲಾದ ಹತ್ತಿರ ಹೋಗಿ ಇವರಿಗೆ ಏನು ಕೊಡಬಹುದು ಎಂದು ಕೇಳಿದಳು. ತಿಂಗಳಿಡೀ ಮಾಂಸ ಬಿಡುತ್ತಾರೆ ಎಂದದ್ದೇ ತಡ, ಗಲ್ಲಾದಲ್ಲಿದ್ದಾಕೆ ಒಳಗೆ ತಿರುಗಿ ಗ್ರೀಕಿನಲ್ಲಿ ಕೂಗಿದರು. ಅಜ್ಜಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಆರು ವರ್ಷದಲ್ಲಿ ನಾನು ಅವರ ಪೂರ್ತಿ ಮುಖ ನೋಡಿದ್ದು ಅವತ್ತೇ.

ವಿಷಯ ಏನೆಂದರೆ ಅವರೂ ಉಪವಾಸದಲ್ಲಿದ್ದರು. ಆರ್ಥಡಾಕ್ಸ್ ಕ್ರೈಸ್ತರಿಗೆ ಆಗಸ್ಟ್ 1ರಿಂದ 14ರವರೆಗೆ ಮೇರಿ ತಾಯಿಯ ಹಬ್ಬದ ವ್ರತ. ಮಾಂಸ, ಮೊಟ್ಟೆ, ಹಾಲು, ಮೊಸರು ಯಾವುದೂ ಇಲ್ಲ. ದಿನವಿಡೀ ಎದುರಿಗೆ ಮಾಂಸದ ಕೋನ್ ತಿರುಗುತ್ತಿರುತ್ತದೆ, ತ್ಸಾತ್ಸೀಕಿಯನ್ನೂ ರುಚಿ ನೋಡದೆ ಕೈ ಅಂದಾಜಿನಲ್ಲೇ ಮಾಡುತ್ತಾರೆ. ಒಳಗಿಂದ ತಮಗೆಂದು ಮಾಡಿಕೊಂಡಿದ್ದನ್ನು ಒಂದು ಬಟ್ಟಲಲ್ಲಿ ತಂದು ಅಮ್ಮನ ಮುಂದೆ ಇಟ್ಟರು. ಗೀಗಾಂತೆಸ್ ಎಂಬ ದೊಡ್ಡ ಬಿಳಿ ಕಾಳು, ರಾತ್ರಿಯೆಲ್ಲ ನೆನೆಸಿ, ಟೊಮೆಟೊ, ಸಬ್ಬಸಿಗೆ, ಆಲಿವ್ ಎಣ್ಣೆ ಹಾಕಿ ಅವನ್‌ನಲ್ಲಿ ಬೇಯಿಸಿದ್ದು. ಮೇಲಿನ ಕಾಳುಗಳ ಸಿಪ್ಪೆ ಸ್ವಲ್ಪ ಸುಟ್ಟು ಬಿರಿದಿತ್ತು. ಅಮ್ಮ ಒಂದು ಕಾಳನ್ನು ಬೆರಳಲ್ಲಿ ಹಿಸುಕಿ ನೋಡಿದರು. ‘ಇದು ನಮ್ಮ ಡಬಲ್ ಬೀನ್ಸ್ ಅಲ್ವೇನೋ? ಒಂಚೂರು ಮಸಾಲೆ ರುಬ್ಬಿ ಹಾಕಿದ್ರೆ ಸಾರು ಆಗ್ತಿತ್ತು.’ ಎನ್ನುತ್ತಲೇ ಬಟ್ಟಲು ಖಾಲಿ ಮಾಡಿದರು, ತಳದಲ್ಲಿ ಉಳಿದ ಎಣ್ಣೆಯನ್ನೂ ಪಿಟಾದಲ್ಲಿ ಒರೆಸಿ ತಿಂದರು.

ಮುಂದಿನ ವಾರ ಅಮ್ಮ ಒಂದು ಡಬ್ಬಿ ಕೋಡುಬಳೆ ಮಾಡಿಕೊಂಡು ಹೋದರು. ಬೆಣ್ಣೆ ಹಾಕಿಲ್ಲ ಎಂದು ನನ್ನ ಕೈಲಿ ಮೂರು ಸಲ ಹೇಳಿಸಿದರು. ಅಜ್ಜಿ ಒಂದನ್ನು ಎತ್ತಿ ಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡು ‘ಕುಲೂರಿ!’ ಎಂದರು. ಅವರಲ್ಲಿ ಬಳೆ ಆಕಾರದ ಬ್ರೆಡ್ಡಿಗೆ ಆ ಹೆಸರು. ಅಮ್ಮ ತಿದ್ದಿದರು, ‘ಕೋಡುಬಳೆ’. ಅಜ್ಜಿ ಮತ್ತೆ ‘ಕುಲೂರಿ’. ಇಬ್ಬರೂ ಸೋಲಲಿಲ್ಲ. ಖಾರಕ್ಕೆ ಅಜ್ಜಿಯ ಕಣ್ಣಲ್ಲಿ ನೀರು ಬಂತು, ಆದರೂ ಡಬ್ಬಿ ವಾಪಸ್ ಕೊಡಲಿಲ್ಲ. ಆ ಡಬ್ಬಿ ಈಗಲೂ ಅವರ ಅಡುಗೆಮನೆಯ ಶೆಲ್ಫಿನಲ್ಲಿದೆ, ಓರೆಗಾನೋ ತುಂಬಿಟ್ಟಿದ್ದಾರೆ.

ಅದೇ ವರ್ಷ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ದಿನ, ಹೊರಗೇ ತಿನ್ನೋಣ ಎಂದು ಎಲ್ಲರೂ ಹಸಿದುಕೊಂಡು ಹೋದೆವು. ಬಾಗಿಲು ಮುಚ್ಚಿತ್ತು. ಅವತ್ತು ಅವರ ಹಬ್ಬ. ಫೋನಿನ ನಕ್ಷೆಯಲ್ಲಿ ಮಾತ್ರ ‘ತೆರೆದಿದೆ’ ಎಂದು ತೋರಿಸುತ್ತಿತ್ತು. ಅವರ ಈಸ್ಟರ್‌ಗೂ ಮುಚ್ಚುತ್ತಾರೆ, ಅದು ಎಷ್ಟೋ ವರ್ಷ ಉಳಿದವರ ಈಸ್ಟರ್ ದಿನ ಬರುವುದಿಲ್ಲ. ಫೋನ್ ಮಾಡಿಕೊಂಡೇ ಹೋಗಿ.

ನನ್ನದು ಐದಕ್ಕೆ ನಾಲ್ಕು. ಒಂದು ಕಳೆದಿದ್ದು ಫ್ರೋಜನ್ ಫ್ರೈಸ್‌ಗೂ ಆ ಚಿಮ್ಮಟಕ್ಕೂ ಸೇರಿಸಿ. ಕಾಳಿನ ಬಟ್ಟಲು ಬೋರ್ಡಿನಲ್ಲಿ ಬರೆದಿಲ್ಲ, ಮಗನಿಗೆ ಅದರ ಬೆಲೆಯೂ ಸರಿಯಾಗಿ ಗೊತ್ತಿಲ್ಲ. ಅವರಿಗೆ ಕೆಲವು ವಾರ ಬಿಟ್ಟು ವರ್ಷವಿಡೀ ಬುಧವಾರ, ಶುಕ್ರವಾರ ಮಾಂಸವಿಲ್ಲದ ದಿನ, ಹಾಗಾಗಿ ಸಾಮಾನ್ಯವಾಗಿ ಆ ಎರಡು ದಿನ ಅಜ್ಜಿ ಒಂದು ಟ್ರೇ ಮಾಡಿರುತ್ತಾರೆ. ‘ಯಾಯಾ ಬೀನ್ಸ್ ಇದೆಯಾ’ ಎಂದು ಕೇಳಿ. ಒಂದು ಗಂಟೆಯ ಮೇಲೆ ಹೋದರೆ ಇರುವುದಿಲ್ಲ.