ತಾಳಗುಂದದ ಕಾಲ: ಪುರಾಣದ ಪಟ್ಟಿಯೋ, ಶಾಸನವೋ?

ತಾಳಗುಂದ ಇರುವ ಶಿಕಾರಿಪುರ ಸೀಮೆಯ ಹಳೇ ಚರಿತ್ರೆ ಬರೆಯಲು ಹೊರಟವರಿಗೆ ಮೊದಲ ತಕರಾರು ಇದೇ. ಬ್ರಿಟಿಷರು ನಮ್ಮ ಕಾಲವನ್ನು ಮೊಟಕು ಮಾಡಿದರು, ಪುರಾಣದ ರಾಜರ ಪಟ್ಟಿಯನ್ನೇ ಹಿಡಿಯಿರಿ ಎನ್ನುವವರಿದ್ದಾರೆ. ಆ ಸಿಟ್ಟು ಸುಮ್ನೆ ಬಂದದ್ದಲ್ಲ. ಕಲ್ಕತ್ತದಲ್ಲಿದ್ದ ಬ್ರಿಟಿಷ್ ಸಂಸ್ಕೃತ ವಿದ್ವಾಂಸ ವಿಲಿಯಂ ಜೋನ್ಸ್ ನಮ್ಮ ಇತಿಹಾಸವನ್ನು ಬೈಬಲ್ಲಿನ ಕಾಲಗಣನೆಯೊಳಗೆ ತುರುಕಲು ನೋಡಿದ. ಆದರೆ ಗ್ರೀಕರ ಸಾಂಡ್ರಕೊಟ್ಟಸ್ ಅಂದರೆ ಚಂದ್ರಗುಪ್ತ ಮೌರ್ಯ ಎಂದು 1793ರಲ್ಲಿ ಅವನು ಹೇಳಿದ್ದು ನಿಂತಿದೆ. ಚಂದ್ರಗುಪ್ತನ ಮೊಮ್ಮಗ ಅಶೋಕನ 13ನೇ ಬಂಡೆಗಲ್ಲು ಶಾಸನದಲ್ಲಿ ಐವರು ಗ್ರೀಕ್ ರಾಜರ ಹೆಸರಿದೆ; ಅವರ ಕಾಲ ಗೊತ್ತಿರುವುದರಿಂದ ಮೌರ್ಯರ ಕಾಲಕ್ಕೂ ಅದು ಸಾಕ್ಷಿ. ಅದನ್ನು ಓದಿದ್ದು ಜೋನ್ಸ್ ಸತ್ತ ಎಷ್ಟೋ ವರ್ಷದ ಮೇಲೆ!

ಪುರಾಣದ ಪಟ್ಟಿಯಲ್ಲಿ ಒಂದೇ ಕಾಲಕ್ಕೆ ಆಳಿದವರೂ ಒಬ್ಬರ ಹಿಂದೊಬ್ಬರು ನಿಲ್ಲುತ್ತಾರೆ. ವರ್ಷ ಜಾಸ್ತಿಯಾಗದೆ ಇರುತ್ತಾ?

ಶಾಸನದಲ್ಲೂ ಕಷ್ಟ ಇದೆ. ತಾಳಗುಂದದ ಪ್ರಣವೇಶ್ವರ ಗುಡಿ ಮುಂದಿನ ಕಂಬ ನೋಡಿ. ಕವಿ ಕುಬ್ಜನ ಸಂಸ್ಕೃತ ಪದ್ಯ. ಕಂಚಿಯಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಕದಂಬ ವಂಶದ ಮೂಲಪುರುಷ ಮಯೂರಶರ್ಮನ ಜಗಳ ಕಣ್ಣಿಗೆ ಕಟ್ಟುತ್ತದೆ, ಇಸವಿ ಮಾತ್ರ ಇಲ್ಲ. ಲಿಪಿ, ವಂಶ ನೋಡಿ 5ನೇ ಶತಮಾನ ಎಂದಿದ್ದಾರೆ. ಅದೇ ಊರಿನ ಅಗೆತದಲ್ಲಿ ಸಿಕ್ಕ, ಸಿಂಹದ ಕಟಕಟೆಯ ಮೇಲಿನ ಸಿಂಹಕಟಾಂಜನ ಶಾಸನಕ್ಕೆ ಪುರಾತತ್ವ ಇಲಾಖೆ ಕೊಟ್ಟ ಕಾಲ ಕ್ರಿ.ಶ. 370, ಮೊದಲ ಕನ್ನಡ ಶಾಸನ ಎನ್ನುತ್ತಿದ್ದ ಹಲ್ಮಿಡಿಗಿಂತ ಹಿಂದೆ. ಕನ್ನಡವನ್ನು ಹಿಂದಕ್ಕೆ ಒಯ್ದದ್ದು ಅಗೆತ, ಪಟ್ಟಿಯಲ್ಲ ಅಲ್ವಾ?

ನಾನಂತೂ ಶಾಸನ ಹಿಡಿಯಿರಿ ಎನ್ನುತ್ತೇನೆ. ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಶಾಸನ ಸಂಗ್ರಹದ ಶಿವಮೊಗ್ಗದ ಸಂಪುಟಗಳಲ್ಲಿ ಮೂಲಪಾಠವನ್ನು ಮೊದಲು ಓದಿ, ಅವನ ಮುನ್ನುಡಿಯನ್ನು ಆಮೇಲೆ.